ಕೆಂಪು ‘ಎಲ್’ ಕಾರಿನ ಹಿಂದಿನ ಸೀಟಿನಲ್ಲಿ

ರೈಲು ನಿಲ್ದಾಣದ ಹೊರಗೆ

ನಲವತ್ತು ದಾಟಿದ ಹೆಂಗಸು ಹದಿನೇಳರ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಡುವುದು ಚೆಂದವಲ್ಲ. ಆ ಹುಡುಗಿ ಸ್ವಂತ ತಂಗಿಯ ಮಗಳಾದರಂತೂ ಬಾಯಿಬಿಟ್ಟು ಹೇಳಲೇಬಾರದು. ಆದರೆ ಇಂಗ್ಲೆಂಡಿನಿಂದ ಬಂದಾಗಿನಿಂದ ಮೂಡಿಗೆರೆ ಪೇಟೆಯಲ್ಲಿ ಸಿಕ್ಕವರೆಲ್ಲ “ಹೇಗಿತ್ತು ಅಲ್ಲಿ?” ಎಂದು ಕೇಳುತ್ತಿದ್ದಾರೆ. ಚೆನ್ನಾಗಿತ್ತು ಎಂದು ಹೇಳಿ ಹೇಳಿ ನನಗೂ ಸಾಕಾಗಿದೆ. ಆದ್ದರಿಂದ ನಿಜವನ್ನೇ ಬರೆಯುತ್ತೇನೆ. ಹಸಿರಿತ್ತು, ಚಳಿಯಿತ್ತು, ಕಾಫಿ ನೀರು ನೀರಾಗಿತ್ತು. ಉಳಿದ ಹೊತ್ತೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ನನ್ನ ತಂಗಿ ವಿಮಲ ಮದುವೆಯಾದದ್ದು ಡಾಕ್ಟರನ್ನು. ಅವಳ ಗಂಡ ರವಿಯವರು ಡೆವನ್ ಎಂಬ ಗುಡ್ಡಗಾಡು ಸೀಮೆಯ ಸಣ್ಣ ಪಟ್ಟಣವೊಂದರ ಆಸ್ಪತ್ರೆಯಲ್ಲಿದ್ದಾರೆ. ಬಾ ಬಾ ಎಂದು ವರ್ಷಗಟ್ಟಲೆ ಕರೆದ ಮೇಲೆ, ನಮ್ಮ ಗೋಣಿಬೀಡಿನ ಕಾಫಿ ತೋಟದಲ್ಲಿ ಗಿಡಗಳ ಹೆಚ್ಚಿನ ಚಿಗುರು ತೆಗೆಯುವ ಕೆಲಸವನ್ನು ಗಂಡನಿಗೂ ಮೇಸ್ತ್ರಿಗೂ ಒಪ್ಪಿಸಿ 2010ರ ಜೂನಿನಲ್ಲಿ ನಾನೊಬ್ಬಳೇ ಹೊರಟೆ. ವಿಮಾನದಲ್ಲಿ ಹೆದರಲಿಲ್ಲ. ಲಂಡನ್ನಿನಲ್ಲಿ ರೈಲು ಬದಲಿಸುವಾಗಲೂ ಹೆದರಲಿಲ್ಲ. ಹೆದರಿದ್ದು ತಂಗಿಯ ಊರಿನ ರೈಲು ನಿಲ್ದಾಣದ ಹೊರಗೆ.

ಅಲ್ಲಿ ಅವರ ಕಾರು ನಿಂತಿತ್ತು. ಮುಂದೆ ಹಿಂದೆ ಎರಡೂ ಕಡೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’. ರವಿಯವರು ನನ್ನ ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿ ಹೋಗಿ ಎಡಗಡೆ ಕುಳಿತರು. ಸ್ಟಿಯರಿಂಗ್ ಇರುವ ಬಲಗಡೆ ಅವರ ಮಗಳು ಅನಘಾ ಹತ್ತಿ ಕುಳಿತು ಕನ್ನಡಿ ಸರಿಮಾಡಿಕೊಂಡಳು.

“ಇದೆಂತ, ಇವ್ಳು ಓಡಿಸ್ತಾಳಾ?” ಎಂದು ವಿಮಲಳನ್ನು ಕೇಳಿದೆ.

“ಕಲೀತಿದ್ದಾಳೆ ಅಕ್ಕ. ಹತ್ತು, ಹೆದ್ರಬೇಡ.”

ಹೆದರಿಕೆ ಮೊದಲ ತಿರುವಿನವರೆಗೆ ಮಾತ್ರ ಇತ್ತು. ಆಮೇಲೆ ಹುಟ್ಟಿದ್ದೇ ಬೇರೆ.

ನಮ್ಮ ತವರು ಬಣಕಲ್ ಹತ್ತಿರ. ನಮ್ಮ ಕಡೆ ಗಂಡುಮಕ್ಕಳಿಗೆ ಲೈಸೆನ್ಸಿನ ವಯಸ್ಸು ಯಾವುದೆಂದರೆ ಕಾಲು ಕ್ಲಚ್ಚಿಗೆ ಎಟುಕುವ ವಯಸ್ಸು. ನನ್ನ ಒಡಹುಟ್ಟಿದ ಶೇಖರಣ್ಣನಿಗೆ ಅದು ಹದಿಮೂರಕ್ಕೇ ಎಟುಕಿತು. ಗೊಬ್ಬರದ ಮೂಟೆ, ಆಳುಗಳು, ಹಾಲಿನ ಕ್ಯಾನು ಎಲ್ಲವನ್ನೂ ಜೀಪಿನಲ್ಲಿ ತುಂಬಿಕೊಂಡು ಬಣಕಲ್ ಪೇಟೆಯವರೆಗೂ ಹೋಗಿ ಬರುತ್ತಿದ್ದ. ಎದುರಿನಿಂದ ನೋಡಿದವರಿಗೆ ಸ್ಟಿಯರಿಂಗಿನ ಮೇಲೆ ಬರೀ ಕ್ರಾಪು ಕಾಣುತ್ತಿತ್ತು. “ಗೌಡ್ರ ಮಗ ಏನ್ ಚುರುಕಪ್ಪ” ಎಂದು ಅಂಗಡಿಯವರು ಮೆಚ್ಚುತ್ತಿದ್ದರು. ಜೊತೆಗೆ ಹೋದರೆ ನನ್ನ ಕೆಲಸ ಗೇಟು ತೆಗೆಯುವುದು. ಇಳಿದು ಗೇಟು ತೆಗೆ, ಜೀಪು ದಾಟಲಿ, ಗೇಟು ಹಾಕು, ಓಡಿ ಬಂದು ಹತ್ತು. ಅವನೋ, ನಾನು ಹತ್ತುವ ಮೊದಲೇ ಜೀಪು ಬಿಟ್ಟು ನಗುತ್ತಿದ್ದ.

ಇಲ್ಲಿ ನೋಡಿದರೆ ತಂದೆ ಮಗಳ ಪಕ್ಕದಲ್ಲಿ ಕುಳಿತು, “ಈಗ ಮೂರನೇ ಗೇರ್ ಹಾಕು ಪುಟ್ಟಾ” ಎನ್ನುತ್ತಿದ್ದಾರೆ. ನಾನು ಹಿಂದೆ ಕುಳಿತು ಕಿಟಕಿಯಾಚೆ ನೋಡಿದೆ. ಕುರಿಗಳಿದ್ದವು. ನನಗೆ ಕುರಿ ನೋಡುವ ಮನಸ್ಸಿರಲಿಲ್ಲ.

ಊಟದ ಮೇಜಿನಲ್ಲಿ

ಆ ದೇಶದ ಕಾಯಿದೆಯನ್ನು ರವಿಯವರು ಅನ್ನ ಸಾರಿನ ಮುಂದೆ ಕುಳಿತು ನನಗೆ ವಿವರಿಸಿದರು. ಹದಿನೇಳು ತುಂಬಿದ ಮೇಲೆ ಕಲಿಯುವವರ ಲೈಸೆನ್ಸ್. ರಸ್ತೆ ನಿಯಮಗಳ ಪರೀಕ್ಷೆ ಕಂಪ್ಯೂಟರಿನಲ್ಲಿ ಬೇರೆ, ಗಾಡಿಯ ಪರೀಕ್ಷೆ ಬೇರೆ. ಪಾಸಾಗುವವರೆಗೆ ಪಕ್ಕದಲ್ಲಿ ಅನುಭವವಿರುವ ಚಾಲಕರೊಬ್ಬರು ಕುಳಿತೇ ಇರಬೇಕು. ದೊಡ್ಡ ಹೆದ್ದಾರಿಗೆ ಹೋಗುವ ಹಾಗಿಲ್ಲ. ಇವೆಲ್ಲ ಒಂದು ತೂಕವಾದರೆ ಇನ್ಶೂರೆನ್ಸೇ ಒಂದು ತೂಕ.

“ಇನ್ಶೂರೆನ್ಸಲ್ಲಿ ಅವಳ ಹೆಸರಿಲ್ದೆ ಅಂಗಳದಿಂದ ಕಾರು ಹೊರಗೆ ತೆಗೆಯೋ ಹಾಗಿಲ್ಲ ಅಕ್ಕ” ಎಂದರು.

ನಮ್ಮ ಮನೆಯ ಜೀಪಿನ ಇನ್ಶೂರೆನ್ಸ್ ಎಂದರೆ ವರ್ಷಕ್ಕೊಮ್ಮೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಪೇಟೆಯಿಂದ ತರುವ ಒಂದು ಕಾಗದ. ಡ್ಯಾಶ್‌ಬೋರ್ಡಿನ ಗೂಡಿನೊಳಗೆ ಎಲೆ ಅಡಿಕೆ, ಫ್ಯೂಸ್ ತಂತಿಗಳ ಜೊತೆ ಅದೂ ಬಿದ್ದಿರುತ್ತದೆ. ಗಾಡಿಯನ್ನು ಯಾರು ಓಡಿಸುತ್ತಾರೆ ಎಂದು ಅದು ಯಾರನ್ನೂ ಕೇಳಿದ್ದಿಲ್ಲ. ಅಲ್ಲಿಯ ಕಂಪನಿ ಹೆಣ್ಣು ನೋಡಲು ಬಂದವರ ಹಾಗೆ ಎಲ್ಲವನ್ನೂ ಕೇಳುತ್ತದೆ. ವಯಸ್ಸೆಷ್ಟು, ಏನು ಓದು, ಯಾವ ಬೀದಿ, ರಾತ್ರಿ ಕಾರನ್ನು ಬೀದಿಯಲ್ಲಿ ಬಿಡುತ್ತೀರೋ ಒಳಗೆ ನಿಲ್ಲಿಸುತ್ತೀರೋ. ಎಳೆಯರೆಂದರೆ ಅದಕ್ಕೆ ಭಯ. ಅವರ ಹೆಸರು ಸೇರಿಸಿದರೆ ಮನೆಯವರು ಬೆವರುವಷ್ಟು ಕಂತು ಕೇಳುತ್ತದೆ.

“ಪುಣ್ಯಕ್ಕೆ ಇವಳು ಹುಡುಗಿ” ಎಂದರು ರವಿಯವರು. “ಹುಡುಗ ಆಗಿದ್ರೆ ಇನ್ನೂ ಎಷ್ಟೋ ಜಾಸ್ತಿ.”

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದೆ. “ಎಂತ ಅಂದ್ರಿ?”

“ಹುಡುಗಿಯರು ಕಮ್ಮಿ ಗುದ್ದಿಸ್ತಾರೆ ಅಂತ ಅವ್ರ ಲೆಕ್ಕ. ಅದಕ್ಕೆ ಕಮ್ಮಿ.”

“ಇನ್ನೊಂದ್ಸಲ ಹೇಳಿ.”

ಅವರು ನಗುತ್ತಾ ಇನ್ನೊಮ್ಮೆ ಹೇಳಿದರು. ಉಪದೇಶ ಮಾಡುವವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ದುಡ್ಡು ಹಾಕಿದ ಕಂಪನಿ ತನ್ನ ಗಂಟು ಉಳಿಸಿಕೊಳ್ಳಲು ಹೇಳುತ್ತಿದೆ, ಹುಡುಗಿಯರ ಕೈಗೆ ಕಾರು ಕೊಡುವುದೇ ಕ್ಷೇಮ ಎಂದು. ಬೆಳಿಗ್ಗೆ ಎದ್ದವಳೇ ಶೇಖರಣ್ಣನಿಗೆ ಫೋನ್ ಮಾಡಿದೆ.

“ಆ ಕಂಪನಿಯವ್ರಿಗೆ ತಲೆ ಕೆಟ್ಟಿದೆ ಬಿಡು ಮಾರಾಯ್ತಿ” ಎಂದ. “ನಮ್ ಚಾರ್ಮಾಡಿ ಘಾಟಿಗೆ ಬಂದು ನೋಡೋಕೆ ಹೇಳು.”

“ಜೀಪನ್ನ ಗದ್ದೆಗೆ ಮಗುಚಿದ್ದು ಯಾರು? ನಾನಾ?”

“ಅದು ಕಲಿಯೋ ಕಾಲದಲ್ಲಿ ಆಗಿದ್ದು. ಅದನ್ನೆಲ್ಲ ಲೆಕ್ಕಕ್ಕೆ ಹಿಡೀತಾರಾ? ಅಲ್ಲಿ ಮಳೆ ಉಂಟಾ?”

ಫೋನ್ ಇಟ್ಟು ಗೆದ್ದವಳ ಹಾಗೆ ಅಡಿಗೆಮನೆಗೆ ಬಂದರೆ, ಅನಘಾ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಗೊಣಗುತ್ತಿದ್ದಳು. “ಕಮ್ಮಿ ಅಂದ್ರೂ ತುಂಬಾ ಜಾಸ್ತಿ ದೊಡ್ಡಮ್ಮ. ಇಟ್ಸ್ ಸೋ ಅನ್‌ಫೇರ್.”

ಅನ್ಯಾಯವಂತೆ! ನನ್ನ ಸಂತೋಷ ಅಲ್ಲಿಗೇ ಇಳಿದುಹೋಯಿತು. ಊಟ ಬಡಿಸಿದ ತಟ್ಟೆಯ ಮುಂದೆ ಕುಳಿತು ಉಪ್ಪು ಹೆಚ್ಚಾಯಿತು ಎನ್ನುವ ಮಕ್ಕಳನ್ನು ಕಂಡರೆ ಹಸಿದವರಿಗೆ ಏನಾಗುತ್ತದೋ ನನಗೆ ಅದೇ ಆಯಿತು.

ಅಂದು ಸಂಜೆ ಅನಘಾ ತಮಾಷೆಗೆ ಕಂಪ್ಯೂಟರಿನಲ್ಲಿ ಇನ್ಶೂರೆನ್ಸ್ ಕಂತಿನ ಲೆಕ್ಕಕ್ಕೆ ನನ್ನ ವಿವರಗಳನ್ನೂ ಹಾಕಿ ನೋಡಿದಳು.

“ಲೈಸೆನ್ಸ್ ಇದ್ಯಾ ದೊಡ್ಡಮ್ಮ?”

“ಇದೆ. ಮದ್ವೆ ಆದ ವರ್ಷದಿಂದ ಇದೆ.”

ಅದು ನಿಜ. ಗಂಡ ಯಾವುದೋ ಕೆಲಸಕ್ಕೆ ಚಿಕ್ಕಮಗಳೂರಿಗೆ ಹೋದಾಗ, ಇರಲಿ ಒಂದು ಎಂದು ಡ್ರೈವಿಂಗ್ ಸ್ಕೂಲಿನವನ ಕೈಲಿ ತಮ್ಮದರ ಜೊತೆ ನನ್ನದನ್ನೂ ಮಾಡಿಸಿದ್ದರು. ಬ್ಯಾಂಕಿನಲ್ಲಿ ಗುರುತು ತೋರಿಸಲು ಬಹಳ ಉಪಯೋಗಕ್ಕೆ ಬಂದಿದೆ.

“ಎಷ್ಟು ಆಕ್ಸಿಡೆಂಟ್ ಮಾಡಿದ್ದೀರ?”

“ಒಂದೂ ಇಲ್ಲ.”

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಲೈಸೆನ್ಸ್, ಒಂದೂ ಅಪಘಾತವಿಲ್ಲ, ಹೆಂಗಸು ಬೇರೆ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಕಂತು ಬಂದದ್ದು ನನಗೆ! ಅಂಗಳದಲ್ಲಿ ರಿವರ್ಸ್ ತೆಗೆಯಲು ಬಾರದ ನನ್ನನ್ನು ಆ ಯಂತ್ರ ಮಹಾ ಚಾಲಕಿ ಎಂದು ಒಪ್ಪಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆದರೆ ಸ್ವಲ್ಪ ಮೊದಲೇ ನಿಲ್ಲಿಸಿದೆ.

ಸೂಪರ್ ಮಾರ್ಕೆಟ್ಟಿನ ಬಯಲು

ಅಂಗಡಿ ಮುಚ್ಚಿದ ಮೇಲೆ ಅದರ ಪಾರ್ಕಿಂಗ್ ಬಯಲಿನಲ್ಲಿ ಊರಿನ ಮಕ್ಕಳೆಲ್ಲ ರಿವರ್ಸ್ ಕಲಿಯುತ್ತಾರೆ. ಒಂದೊಂದು ಕಾರಿನ ಪಕ್ಕದಲ್ಲೂ ಒಬ್ಬ ಅಪ್ಪನೋ ಅಮ್ಮನೋ. ಪಕ್ಕದ ಸೀಟಿನಲ್ಲಿ ವಿಮಲಳನ್ನು ಕೂರಿಸಿ, ಜಿನುಗು ಮಳೆಯಲ್ಲಿ ರವಿಯವರು ಕೆಳಗಿಳಿದು ನಿಂತು ಕೈ ಆಡಿಸುತ್ತಿದ್ದರು. ಅನಘಾ ಎರಡು ಬಿಳಿಗೆರೆಗಳ ನಡುವೆ ಕಾರು ನಿಲ್ಲಿಸಲು ಹೋಗಿ ಗೆರೆಯ ಮೇಲೇ ನಿಲ್ಲಿಸಿದಳು.

“ಪರವಾಗಿಲ್ಲ. ಇನ್ನೊಂದ್ಸಲ” ಎಂದರು ರವಿಯವರು.

ಮತ್ತೆ ಗೆರೆಯ ಮೇಲೆ. ಮತ್ತೆ “ಇನ್ನೊಂದ್ಸಲ.” ಆಸ್ಪತ್ರೆಯಲ್ಲಿ ದಿನವಿಡೀ ನಿಂತು ಬಂದ ಮನುಷ್ಯ ನೆನೆದು ತೊಪ್ಪೆಯಾದರೂ ದನಿ ಏರಿಸಲಿಲ್ಲ. ನನಗೆ ಜೀವಮಾನದಲ್ಲಿ ಯಾವ ಗಂಡಸೂ ಹೀಗೆ ಇನ್ನೊಂದ್ಸಲ ಎಂದಿರಲಿಲ್ಲ. ಎರಡನೇ ಸಲಕ್ಕೇ “ನಿಂಗಾಗಲ್ಲ, ಇತ್ಲಾಗೆ ಕೊಡು” ಎನ್ನುವವರನ್ನೇ ಕಂಡವಳು ನಾನು. ಅದು ಗ್ಯಾಸ್ ಸಿಲಿಂಡರ್ ಕೂರಿಸುವುದಿರಲಿ, ಟಿ.ವಿ. ರಿಮೋಟ್ ಇರಲಿ.

ಮನೆಗೆ ಬರುವ ದಾರಿಯಲ್ಲಿ ನನಗೊಂದು ಚಟ ಹತ್ತಿಕೊಂಡಿತ್ತು. ತಿರುವು ಬಂದಾಗಲೆಲ್ಲ “ಹಾರ್ನ್ ಹೊಡಿ, ಹಾರ್ನ್ ಹೊಡಿ” ಎನ್ನುತ್ತಿದ್ದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದವರಿಗೆ ತಿರುವಿನಲ್ಲಿ ಹಾರ್ನ್ ಹೊಡೆಯುವುದೆಂದರೆ ಉಸಿರಾಡಿದ ಹಾಗೆ.

“ಇಲ್ಲಿ ಹಾರ್ನ್ ಹೊಡೆದ್ರೆ ಬೈದ ಹಾಗೆ ದೊಡ್ಡಮ್ಮ” ಎಂದಳು ಅನಘಾ.

ಸರಿ, ಬಾಯಿ ಮುಚ್ಚಿಕೊಂಡೆ. ಆದರೆ ಸದ್ದಿಲ್ಲದ ಆ ತಿರುವುಗಳಲ್ಲಿ ಹಿಂದಿನ ಸೀಟನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇರುತ್ತಿದ್ದೆ.

ಬೇಲಿಯ ನಡುವಿನ ದಾರಿ

ಒಂದು ಭಾನುವಾರ ಸಮುದ್ರ ನೋಡಲು ಹೊರಟೆವು. ರವಿಯವರಿಗೆ ಆಸ್ಪತ್ರೆಯಲ್ಲಿ ಕೆಲಸವಿತ್ತು. ಅನಘಾ ಸ್ಟಿಯರಿಂಗಿನಲ್ಲಿ, ವಿಮಲ ಪಕ್ಕದಲ್ಲಿ, ನಾನು ಮಾಮೂಲಿನಂತೆ ಹಿಂದೆ. ಮುಂದಿನ ವಾರವೇ ಅನಘಾಳ ಪರೀಕ್ಷೆ.

ಆ ಕಡೆಯ ಹಳ್ಳಿ ದಾರಿಗಳು ನಮ್ಮ ಎಸ್ಟೇಟ್ ದಾರಿಗಳಿಗಿಂತ ಅಗಲವೇನಲ್ಲ. ಎರಡೂ ಬದಿಗೆ ಆಳೆತ್ತರದ ಗಿಡದ ಬೇಲಿ. ಎದುರಿಗೆ ಗಾಡಿ ಬಂದರೆ ಯಾರಾದರೂ ಒಬ್ಬರು, ದಾರಿ ಸ್ವಲ್ಪ ಅಗಲವಿರುವ ಕಡೆ ಸರಿದು ನಿಲ್ಲಬೇಕು. ಒಂದು ತಿರುವು ದಾಟಿದೊಡನೆ ಎದುರಿಗೊಂದು ನೀಲಿ ವ್ಯಾನು ಕಂಡಿತು. ಅನಘಾ ನಿಧಾನ ಮಾಡಿದಳು. ವ್ಯಾನಿನವನು ಹೆಡ್‌ಲೈಟನ್ನು ಪಕ್ ಪಕ್ ಎನ್ನಿಸಿದ.

ನಮ್ಮ ಘಾಟಿಯಲ್ಲಿ ಓಡಾಡಿದವರಿಗೆ ಅದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಲೈಟ್ ಹಾಕಿದವನು ಬರುತ್ತಾನೆ. ಅವನು ನಿಲ್ಲುವುದಿಲ್ಲ. ಜೀವದ ಮೇಲೆ ಆಸೆಯಿದ್ದರೆ ನೀನು ನಿಲ್ಲು. ಅಷ್ಟರಲ್ಲಿ ಈ ಹುಡುಗಿ ನಿಲ್ಲಿಸುವ ಬದಲು ಕಾರನ್ನು ಮುಂದಕ್ಕೆ ಬಿಟ್ಟಳು!

“ನಿಲ್ಸೇ! ನಿಲ್ಸೇ! ಬಂದ ಅವ್ನು!” ಎಂದು ನಾನು ಕಿರುಚಿದೆ.

ಅನಘಾ ಬ್ರೇಕಿನ ಮೇಲೆ ನಿಂತೇಬಿಟ್ಟಳು. ಹಿಂದಿನಿಂದ ಧಡ್ ಎಂದಿತು.

ನಮ್ಮ ಹಿಂದೆ ಬರುತ್ತಿದ್ದ ಮುದುಕನ ಗಾಡಿ ನಮ್ಮ ಬಂಪರಿಗೆ ತಾಗಿತ್ತು. ವ್ಯಾನಿನವನೋ, ಬಂದಿರಲೇ ಇಲ್ಲ. ಬೇಲಿಗೆ ಒತ್ತಿಕೊಂಡು ನಿಂತೇ ಇದ್ದ. ಆ ದೇಶದಲ್ಲಿ ಲೈಟ್ ಮಿನುಗಿಸಿದರೆ ‘ನಾನು ನಿಂತಿದ್ದೇನೆ, ನೀವು ಬನ್ನಿ’ ಎಂದು ಅರ್ಥವಂತೆ.

ಎಲ್ಲರೂ ಕೆಳಗಿಳಿದರು. ಬಣಕಲ್ ಪೇಟೆಯಾಗಿದ್ದರೆ ಇಷ್ಟು ಹೊತ್ತಿಗೆ ಬಸ್ಸಿನಿಂದ ಇಳಿದು ಬಂದ ಪ್ರಯಾಣಿಕರೇ ಪಂಚಾಯಿತಿ ಮುಗಿಸಿರುತ್ತಿದ್ದರು. ಅಲ್ಲಿ ಮುದುಕ ಸಾರಿ ಎಂದ, ಅನಘಾ ಸಾರಿ ಎಂದಳು, ಏನೂ ಮಾಡದ ವ್ಯಾನಿನವನೂ ಬಂದು ಸಾರಿ ಎಂದ. ಹೆಸರು, ವಿಳಾಸ, ಇನ್ಶೂರೆನ್ಸ್ ಕಂಪನಿಯ ಹೆಸರುಗಳನ್ನು ಮದುವೆಮನೆಯಲ್ಲಿ ತಾಂಬೂಲ ಕೊಡುವಷ್ಟು ಮರ್ಯಾದೆಯಿಂದ ಕೊಟ್ಟು ತೆಗೆದುಕೊಂಡರು. ಆಮೇಲೆ ಮುದುಕ ಮೆಲ್ಲಗೆ ಕೇಳಿದ, “ಅವನು ದಾರಿ ಬಿಟ್ಟಿದ್ದನಲ್ಲಮ್ಮ, ಯಾಕೆ ನಿಲ್ಲಿಸಿದೆ?”

ಅನಘಾಳ ಮುಖ ಬಿಳಿಚಿಕೊಂಡಿತ್ತು. “ನಿಲ್ಲಬೇಕು ಅನ್ನಿಸ್ತು” ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಮೂಡಿಗೆರೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ, ಕೂಗಿದ್ದು ನಾನು, ನಮ್ಮ ಊರಿನಲ್ಲಿ ಲೈಟ್ ಹಾಕಿದರೆ ಅರ್ಥ ಬೇರೆ ಎಂದು ವಿವರಿಸಿದೆ. ಮುದುಕ ಗಟ್ಟಿಯಾಗಿ ನಕ್ಕ. “ಹಾಗಾದರೆ ನೀವು ಮೊದಲು ಬನ್ನಿ ಅಂತ ಅಲ್ಲಿ ಹೇಗೆ ಹೇಳುತ್ತೀರಿ?” ಎಂದ. ಹಾಗೆ ಹೇಳುವ ರೂಢಿಯೇ ಇಲ್ಲ ಎಂದೆ.

ಸಮುದ್ರ ಅಲ್ಲಿಗೇ ಉಳಿಯಿತು. ಅನಘಾ ಕೀಯನ್ನು ಅಮ್ಮನ ಕೈಗಿಟ್ಟು ಪಕ್ಕದ ಸೀಟಿಗೆ ಹತ್ತಿದಳು, ವಿಮಲ ಕಾರು ತಿರುಗಿಸಿದಳು. “ಅಪ್ಪ ಎಂತ ಅಂತಾರೋ ಅಮ್ಮ. ಇನ್ಶೂರೆನ್ಸಿಂದ ನನ್ನ ಹೆಸರು ತೆಗೆಸಿಬಿಡ್ತಾರಾ?” ಎಂದು ಹುಡುಗಿ ದಾರಿಯುದ್ದಕ್ಕೂ ಕೇಳುತ್ತಿದ್ದಳು. ವಿಮಲ “ನೋಡೋಣ” ಎಂದಷ್ಟೇ ಹೇಳಿದಳು.

ಹಿಂದೆ ಕುಳಿತ ನನಗೆ ನನ್ನದೇ ಡೆಂಟ್ ನೆನಪಾಯಿತು.

ನನಗಾಗ ಹತ್ತೊಂಬತ್ತು. ಕೊಯ್ಲಿನ ಕಾಲದಲ್ಲಿ ಡ್ರೈವರ್ ರಜೆ ಹಾಕಿದ್ದ, ಶೇಖರಣ್ಣ ಊರಿನಲ್ಲಿರಲಿಲ್ಲ. ಬೇರೆ ದಾರಿಯಿಲ್ಲದೆ ಅಪ್ಪ ನನ್ನ ಕೈಗೆ ಜೀಪಿನ ಕೀ ಕೊಟ್ಟರು. ಶೇಖರಣ್ಣನನ್ನು ನೋಡಿ ನೋಡಿಯೇ ಗೇರ್ ಹಾಕುವುದು ನನಗೆ ಬರುತ್ತಿತ್ತು. ತೋಟದಿಂದ ಕಾಫಿ ಹಣ್ಣಿನ ಮೂಟೆಗಳನ್ನು ಕಣಕ್ಕೆ ತಂದು ಹಾಕಬೇಕು, ಅಷ್ಟೇ. ಕೆಲವು ದಿನ ಚೆನ್ನಾಗಿಯೇ ನಡೆಯಿತು. ನಾನು ಮಾತಾಡುವ ದನಿಯೇ ಬದಲಾಗಿತ್ತು ಎಂದು ಅಮ್ಮ ಹೇಳುತ್ತಿದ್ದರು. ಒಂದು ಸಂಜೆ ರಿವರ್ಸ್ ತೆಗೆಯುವಾಗ ಕಾಫಿ ಒಣಗಿಸುವ ಕಣದ ಗೋಡೆಗೆ ತಾಗಿಸಿದೆ. ಎಡಗಡೆ ಮಡ್‌ಗಾರ್ಡಿನಲ್ಲಿ ಅಂಗೈಯಷ್ಟು ತಗ್ಗು. ಅಪ್ಪ ಬೈಯಲಿಲ್ಲ. ಜಗಲಿಗೆ ಬಂದು ಕೈ ನೀಡಿದರು. ಕೀ ಕೊಟ್ಟೆ. ಅದನ್ನು ಮೊಳೆಗೆ ತೂಗುಹಾಕಿದರು. ಅಷ್ಟೇ. ಮತ್ತೆ ಯಾರೂ ನನಗದನ್ನು ಕೊಡಲಿಲ್ಲ, ಗಂಡನ ಮನೆಯಲ್ಲೂ ಕೊಡಲಿಲ್ಲ. ಶೇಖರಣ್ಣ ಗದ್ದೆಗೆ ಜೀಪು ಮಗುಚಿದ ಕಥೆಯನ್ನು ಮಾತ್ರ ಇವತ್ತಿಗೂ ನೆಂಟರು ಬಂದಾಗ ಹೇಳಿಕೊಂಡು ನಗುತ್ತಾರೆ. ಅವನು ಮಾರನೆಯ ದಿನವೇ ಅದೇ ಜೀಪಿನಲ್ಲಿ ಪೇಟೆಗೆ ಹೋಗಿದ್ದ.

ಈಗ ಬರೆಯುವುದು ಒಳ್ಳೆಯ ಮಾತಲ್ಲ. ನನ್ನ ಕಿರುಚಾಟದಿಂದ ಆದ ಅನಾಹುತ ಅದು. ಆದರೂ ರವಿಯವರು ಆ ಹುಡುಗಿಯ ಕೈಯಿಂದ ಕೀ ಕಿತ್ತುಕೊಳ್ಳಲಿ ಎಂದು ನನ್ನ ಮನಸ್ಸಿನ ಒಂದು ಮೂಲೆ ಆಸೆಪಟ್ಟಿತು. ನನಗಾದದ್ದು ಇನ್ನೊಬ್ಬಳಿಗೂ ಆಗಲಿ. ಎಲ್ಲ ಕಡೆಯೂ ಅಪ್ಪಂದಿರು ಇಷ್ಟೇ ಎಂದು ಒಮ್ಮೆ ಸಾಬೀತಾದರೆ ನಾನು ಸಮಾಧಾನದಿಂದ ಊರಿಗೆ ಹೋಗಬಹುದಿತ್ತು.

ಮನೆಯ ಮುಂದೆ

ರವಿಯವರು ಬಂದಾಗ ಇನ್ನೂ ಬಿಸಿಲಿತ್ತು. ಬೇಸಿಗೆಯಲ್ಲಿ ಅಲ್ಲಿ ಊಟದ ಹೊತ್ತಾದರೂ ಬೆಳಕು ಹೋಗುವುದಿಲ್ಲ. ಅನಘಾ ಬಾಗಿಲಲ್ಲೇ ಎಲ್ಲವನ್ನೂ ಹೇಳಿದಳು. ನನ್ನ ಕೂಗಿನ ವಿಷಯ ಬಿಟ್ಟಳು. ಅದನ್ನು ನಾನೇ ಸೇರಿಸಿದೆ. ಅವರು ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಬಂಪರನ್ನು ಮುಟ್ಟಿ ನೋಡಿದರು.

“ಯಾರಿಗೂ ಪೆಟ್ಟಾಗಿಲ್ಲ ತಾನೇ?”

“ಇಲ್ಲಪ್ಪ.”

“ಬ್ರೇಕ್ ಹಾಕೋ ಮುಂಚೆ ಕನ್ನಡೀಲಿ ಹಿಂದೆ ನೋಡಿದ್ಯಾ?”

“ಇಲ್ಲ.”

“ಇನ್ಮೇಲೆ ನೋಡು. ಬೆಳಿಗ್ಗೆ ಕಂಪನಿಗೆ ಫೋನ್ ಮಾಡ್ತೀನಿ. ತಪ್ಪು ಹಿಂದಿನವ್ರದ್ದೇ ಅಂತಾರೆ, ಆದ್ರೂ ನಾವು ಹೇಳ್ಲೇಬೇಕು. ಮುಂದಿನ ವರ್ಷ ಸ್ವಲ್ಪ ಜಾಸ್ತಿ ಕೇಳಿದ್ರೆ ಕೊಡೋಣ.”

ಆಮೇಲೆ ವಿಮಲಳ ಹತ್ತಿರ ಕೀ ಇಸಿದುಕೊಂಡು ಮಗಳ ಕೈಗೆ ಕೊಟ್ಟರು.

“ನಡಿ, ಅದೇ ದಾರೀಲಿ ಒಂದ್ಸಲ ಹೋಗಿ ಬರೋಣ. ಇವತ್ತೇ ಹೋಗ್ಬೇಕು. ಇಲ್ದಿದ್ರೆ ಹೆದ್ರಿಕೆ ಒಳಗೇ ಕೂತ್ಬಿಡುತ್ತೆ.”

ಕಾರು ಹೊರಟಿತು. ಎರಡು ಮನೆ ದಾಟಿ ಒಮ್ಮೆ ನಿಂತುಹೋಯಿತು, ಮತ್ತೆ ಸ್ಟಾರ್ಟ್ ಆಗಿ ಮೂಲೆಯಲ್ಲಿ ತಿರುಗಿತು. ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಎದೆಯಿಂದ ಹೊಟ್ಟೆಯವರೆಗೆ ಹಸಿಮೆಣಸು ಅರೆದು ಹಚ್ಚಿದ ಹಾಗಿತ್ತು.

ವಿಮಲ ಕಾಫಿ ತಂದು ಪಕ್ಕದಲ್ಲಿ ಕುಳಿತಳು. “ಎಂತ ಅಕ್ಕ, ಅಳ್ತಿದ್ದೀಯಾ?”

“ಅಳೋದೆಂತಕ್ಕೆ? ಹೊಟ್ಟೆ ಉರೀತಿದೆ. ನಿನ್ನ ಮಗಳ ಮೇಲೆ.”

ಹೇಳಿಯಾದ ಮೇಲೆ ಭಯವಾಯಿತು. ಅವಳಿಗೆ ಸಿಟ್ಟು ಬರಬಹುದು ಎಂದುಕೊಂಡೆ. ಬರಲಿಲ್ಲ.

“ನಂಗೂ ಉರಿಯುತ್ತೆ” ಎಂದಳು. “ದಿನಾ ಪಕ್ಕದಲ್ಲಿ ಕೂತ್ಕೊಂಡು ಹೇಳಿಕೊಡ್ತೀನಲ್ಲ, ಆಗ್ಲೂ ಉರಿಯುತ್ತೆ.”

“ನಿಂಗೇನು? ನೀನು ಇಲ್ಲಿಗೆ ಬಂದು ಕಲಿತ್ಯಲ್ಲ.”

“ಮೂವತ್ತು ದಾಟಿದ ಮೇಲೆ ಕಲಿತೆ. ಅದೂ ಅನಘಾನ್ನ ಸ್ಕೂಲಿಗೆ ಬಿಡೋಕೆ ಬೇರೆ ಯಾರೂ ಇರ್ಲಿಲ್ಲ ಅಂತ.” ಕಾಫಿ ಲೋಟವನ್ನು ಮೆಟ್ಟಿಲ ಮೇಲಿಟ್ಟು ಹೇಳಿದಳು, “ಅಪ್ಪ ನಿನ್ನ ಕೈಯಿಂದ ಕೀ ತಗೊಂಡ ದಿನ ನಾನು ಒಳಗಿನ ಬಾಗಿಲ ಹತ್ರ ನಿಂತಿದ್ದೆ ಅಕ್ಕ. ನಿಂಗೆ ಕೊಟ್ಟಿದಾರಲ್ಲ, ಇನ್ನು ಸ್ವಲ್ಪ ವರ್ಷಕ್ಕೆ ನಂಗೂ ಕೊಡ್ತಾರೆ ಅಂತ ಕಾಯ್ತಿದ್ದೆ. ಅಕ್ಕಂಗೇ ಇಲ್ಲ ಅಂದ್ಮೇಲೆ ನಂಗೆಲ್ಲಿ ಅಂತ ಕೇಳೋಕೇ ಹೋಗ್ಲಿಲ್ಲ.”

ಅಂದು ಜಗಲಿಯಲ್ಲಿ ಅಪ್ಪ ಮತ್ತು ನಾನು ಇಬ್ಬರೇ ಇದ್ದೆವು ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ.

“ನೀನು ಗೋಡೆಗೆ ಗುದ್ದಿಸುವಷ್ಟಾದ್ರೂ ಓಡಿಸಿದ್ದೆ” ಎಂದಳು ವಿಮಲ. “ನಂಗೆ ಅದೂ ಸಿಗ್ಲಿಲ್ಲ. ನಿನ್ನ ಮೇಲೆ ಎಷ್ಟು ಹೊಟ್ಟೆಕಿಚ್ಚು ಪಟ್ಟಿದ್ದೀನಿ ಗೊತ್ತಾ? ಬೆಳಿಗ್ಗೆ ಸ್ಕೂಲಿಗೆ ಹೋಗೋವಾಗ ದಿನಾ ಆ ಡೆಂಟ್ ಮೇಲೆ ಕೈ ಆಡಿಸಿಯೇ ಹೋಗ್ತಿದ್ದೆ.”

ಅಪ್ಪ ಆ ಜೀಪನ್ನು ಮಾರುವವರೆಗೂ ಅದರ ತಗ್ಗು ಹಾಗೆಯೇ ಇತ್ತು. ಕಣ್ಣಿಗೆ ಬೀಳದಿರಲಿ ಎಂದು ನಾನು ಒಂದು ದಿನವೂ ಆ ಕಡೆಯಿಂದ ಹತ್ತಿದವಳಲ್ಲ.